ಸಣ್ಣ ಕಾರೆಂದು ಸಸಾರ ಬೇಡ

ಗಡಿಭಾಗದ ಊರುಗಳಲ್ಲಿ ಸಣ್ಣ ಕಾರು ಈಗ ಸಿರಿವಂತಿಕೆಯ ಗುರುತಾಗಿ ಉಳಿದಿಲ್ಲ. ತಾಳವಾಡಿಯ ಆಲೂಗಡ್ಡೆ ಬೆಳೆಗಾರ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗೋದು ಅದರಲ್ಲೇ. ಜತ್ತದ ವ್ಯಾಪಾರಿ ವಿಜಯಪುರದ ಪೇಟೆಗೆ ಬರೋದು ಅದರಲ್ಲೇ. ಆದವಾನಿಯ ಹತ್ತಿ ದಲಾಲಿ ಸಿರುಗುಪ್ಪದ ಕಡೆ ಬಂದು ಹೋಗೋದೂ, ಮನೆಯ ಬಸುರಿಯನ್ನು ಆಸ್ಪತ್ರೆಗೆ ಸೇರಿಸೋದೂ ಅದರಲ್ಲೇ. ಇವುಗಳಲ್ಲಿ ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಗಾಡಿಗಳು. ಎತ್ತಿನ ಜೋಡಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರೂ ಒಂದಲ್ಲ ಒಂದು ದಿನ ನಡುದಾರಿಯಲ್ಲಿ ಕೈಕೊಡುತ್ತವೆ. ಆಗ ಟೋಯಿಂಗ್ ಗಾಡಿ ಬರುತ್ತದೆ, ಕಾರನ್ನು ಬೆನ್ನ ಮೇಲೆ ಹೊತ್ತು ಗ್ಯಾರೇಜಿಗೆ ಒಯ್ಯುತ್ತದೆ. ಆ ಗಾಡಿಯ ಡೆಕ್ಕಿಗೆ ಕಾರನ್ನು ಹತ್ತಿಸುವ ಹದಿನೈದು ಇಪ್ಪತ್ತು ನಿಮಿಷದ ಕೆಲಸವನ್ನು ನಾವು ತೀರಾ ಹಗುರವಾಗಿ ತೆಗೆದುಕೊಂಡಿದ್ದೇವೆ. ಹತ್ತಿಸುವವರೂ ಹಾಗೇ, ಪಕ್ಕದಲ್ಲಿ ನಿಂತು ನೋಡುವ ಮಾಲೀಕರೂ ಹಾಗೇ. ಇದು ಸರಿಯಲ್ಲ ಎಂಬುದೇ ಈ ಲೇಖನದ ಮಾತು.

ಮೊದಲಿಗೆ ಹಗ್ಗದ ವಿಷಯ. 'ಡೆಕ್ಕಿನ ಗಾಡಿ ಯಾಕಣ್ಣ, ದುಡ್ಡು ದಂಡ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದರಾಯ್ತು' ಅನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಬಯಲಿನಲ್ಲಿ ಅರ್ಧ ಮೈಲಿ ದೂರಕ್ಕೆ ಆ ಮಾತು ನಡೆದೀತು. ದಿಂಬಂ ಘಾಟಿಯಲ್ಲಿ ನಡೆಯದು. ಬಣ್ಣಾರಿಯಿಂದ ದಿಂಬಂಗೆ 27 ಕಡಿದಾದ ತಿರುವುಗಳಿವೆ. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕಿಗೆ ಸಿಗುವ ಸಹಾಯಬಲ ಒಂದೆರಡು ಸಲ ಪೆಡಲ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರ. ಇಳಿಜಾರಿನಲ್ಲಿ ಹಿಂದಿನ ಕಾರು ಮುಂದಿನ ಗಾಡಿಗೆ ಗುದ್ದದ ಹಾಗೆ ತಡೆಯೋದು ಬರೀ ಕಾಲಿನ ಬಲದಿಂದ! ಎಳೆಯುವ ಮತ್ತು ಎಳೆಸಿಕೊಳ್ಳುವ ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಬಾರದೆಂದು ಸಂಚಾರ ನಿಯಮವೇ ಹೇಳುತ್ತದೆ. ಐದು ಮೀಟರ್ ಅಂದರೆ ಹದಿನಾರು ಅಡಿ ಚಿಲ್ಲರೆ. ಅಷ್ಟರೊಳಗೆ ಘಾಟಿಯ ತಿರುವಿನಲ್ಲಿ ಕಾರನ್ನು ನಿಲ್ಲಿಸೋದು ಎಂಥ ಪಳಗಿದ ಡ್ರೈವರಿಗೂ ಕಷ್ಟ.

ಎರಡನೆಯದು ಕ್ರೇನಿನ ವಿಷಯ. ಕಾರಿನ ಒಂದು ತುದಿಯನ್ನು ಕೊಕ್ಕೆಗೆ ಎತ್ತಿ, ಇನ್ನೊಂದು ತುದಿಯ ಚಕ್ರ ನೆಲದಲ್ಲಿ ಉರುಳಿಸಿಕೊಂಡು ಹೋಗುವ ಪದ್ಧತಿ ಹಳೆಯದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಎಂಜಿನ್ ಬಲ ಹೋಗುತ್ತಿದ್ದದ್ದು ಹಿಂದಿನ ಚಕ್ರಕ್ಕೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಬಲ ಮುಂದಿನ ಚಕ್ರಕ್ಕೆ ಬಂತು. ಅಲ್ಲಿಗೆ ಎತ್ತಬೇಕಾದ ತುದಿಯೇ ಬದಲಾಯಿತು. 2014ರಲ್ಲಿ ಸೆಲೆರಿಯೊ ಜೊತೆ ಅಗ್ಗದ ಕಾರಿಗೂ ಕ್ಲಚ್ ಪೆಡಲ್ ಇಲ್ಲದ ಗೇರು ಬಂತು. ಬ್ಯಾಟರಿ ಪೂರ್ತಿ ಸತ್ತರೆ ಅಂಥ ಕಾರು ಗೇರಿನಲ್ಲೇ ಸಿಕ್ಕಿಕೊಂಡು ನ್ಯೂಟ್ರಲ್‌ಗೆ ಬಾರದೇ ಹೋಗಬಹುದು. ಈಗ ಟಿಯಾಗೊ ಇವಿಯಂಥ ವಿದ್ಯುತ್ ಕಾರುಗಳೂ ನಮ್ಮ ರಸ್ತೆಗೆ ಬಂದಿವೆ. ಮೋಟಾರಿಗೆ ಸೇರಿದ ಚಕ್ರವನ್ನು ನೆಲದಲ್ಲಿ ಉರುಳಿಸಿದರೆ ಆ ಮೋಟಾರೇ ಕರೆಂಟು ಉತ್ಪಾದಿಸಲು ಶುರು ಮಾಡುತ್ತದೆ. ಅದರಿಂದ ದುಬಾರಿ ಭಾಗಗಳು ಹಾಳಾಗಬಹುದು. ನಾಲ್ಕೂ ಚಕ್ರ ನೆಲ ಬಿಟ್ಟು ಡೆಕ್ಕಿನ ಮೇಲೆ ಕೂತರೆ ಈ ಯಾವ ರಗಳೆಯೂ ಇಲ್ಲ. ಫೋನ್ ಮಾಡುವಾಗಲೇ 'ಡೆಕ್ಕಿನ ಗಾಡಿಯೇ ಬೇಕು' ಎಂದು ಕೇಳೋದು ಜಂಬವಲ್ಲ, ಲೆಕ್ಕಾಚಾರ.

ಆದರೆ ಡೆಕ್ಕಿನ ಗಾಡಿ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಎಡವಟ್ಟುಗಳು ಆಗೋದು ಹತ್ತಿಸುವಾಗಲೇ.

'ಸಣ್ಣ ಕಾರಲ್ವಾ, ನಾಲ್ಕು ಜನ ಕೈ ಹಾಕಿದ್ರೆ ಎದ್ದು ಬತ್ತದೆ' ಅನ್ನುವ ಮಾತಿನಿಂದಲೇ ಎಡವಟ್ಟು ಶುರು. ಒಂದು ಆಲ್ಟೊ ಕಾರಿನ ತೂಕ ಸುಮಾರು 750 ಕೆ.ಜಿ. ಅಂತ ಹಿಡಿಯಿರಿ. ಐವತ್ತು ಕೆ.ಜಿ.ಯ ಹದಿನೈದು ಮೂಟೆ! ಹದಿನೈದು ಮೂಟೆ ಗೊಬ್ಬರ ಇಳಿಜಾರಿನಲ್ಲಿ ಜಾರಿ ಬಂದರೆ ಹಿಂದೆ ನಿಂತವನ ಗತಿ ಏನು, ನೀವೇ ಯೋಚಿಸಿ. ಬಾಗಿದ ಡೆಕ್ಕು ಐದಡಿಗೆ ಒಂದಡಿ ಏರುವಂತಿದ್ದರೆ, ಚಕ್ರ ಸಲೀಸಾಗಿ ಉರುಳುವ ಈ ಕಾರನ್ನು ಮೇಲೆಳೆಯಲು ವಿಂಚಿನ ಉಕ್ಕಿನ ಹಗ್ಗಕ್ಕೆ 160 ಕೆ.ಜಿ. ಆಸುಪಾಸಿನ ಜಗ್ಗು ಸಾಕು. ಅದೇ ನಾಲ್ಕೂ ಚಕ್ರ ಜಾಮ್ ಆಗಿದ್ದರೆ ಸುಮಾರು 600 ಕೆ.ಜಿ. ಬೇಕಾಗುತ್ತದೆ. ಹ್ಯಾಂಡ್‌ಬ್ರೇಕ್ ಬಿಡೋದು, ಗೇರು ನ್ಯೂಟ್ರಲ್‌ಗೆ ತರೋದು, ಕೀಲಿ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸೋದು ಸಣ್ಣ ಕೆಲಸಗಳಾದರೂ ಜಗ್ಗಿನ ಭಾರ ಹೆಚ್ಚೋದೂ ತಗ್ಗೋದೂ ಇವುಗಳ ಮೇಲೆಯೇ. ಬ್ಯಾಟರಿ ಸತ್ತು ಗೇರು ಸಿಕ್ಕಿಕೊಂಡಿದ್ದರೆ ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟು ಬಿಡಿಸಬೇಕು. ಆಗದಿದ್ದರೆ ಚಕ್ರದಡಿ ಉರುಳುಗಾಲಿಯ ತಟ್ಟೆ ಕೊಡಬೇಕು. ಬಲವಂತವಾಗಿ ಜಗ್ಗಬಾರದು. ಆದರೆ ಒಂದು ಮಾತು: ಹ್ಯಾಂಡ್‌ಬ್ರೇಕ್ ಬಿಡೋದು ಕೊಕ್ಕೆ ಹಾಕಿ ಹಗ್ಗ ಬಿಗಿಯಾದ ಮೇಲೆಯೇ. ಏರು ರಸ್ತೆಯಲ್ಲಿ ನಿಂತ ಕಾರಿಗೆ ಅಲ್ಲಿಯತನಕ ಚಕ್ರದಡಿ ಕಲ್ಲು ಇರಲೇಬೇಕು.

ಕೊಕ್ಕೆ ಎಲ್ಲಿಗೆ ಹಾಕುತ್ತಾರೆ ಅನ್ನೋದು ಮುಂದಿನ ಪ್ರಶ್ನೆ. ಕೈಗೆ ಸಿಕ್ಕಿದ ಕಡೆ ಹಾಕೋದೇ ಹೆಚ್ಚು: ಬಂಪರಿಗೆ, ಇಲ್ಲವೇ ಸ್ಟೀರಿಂಗಿನ ಸರಳಿಗೆ. ಕಾರೇನೋ ಹತ್ತುತ್ತದೆ, ಆದರೆ ಸರಳು ಬಾಗಿರುತ್ತದೆ. ವಾರದ ನಂತರ ಗಾಡಿ ಒಂದು ಕಡೆ ಎಳೆಯಲು ಶುರುವಾದಾಗ ಯಾರನ್ನು ಕೇಳೋದು? ಪ್ರತಿ ಕಾರಿಗೂ ಎಳೆಯಲಿಕ್ಕೆಂದೇ ಕಂಪನಿಯವರು ಜಾಗ ಮಾಡಿರುತ್ತಾರೆ. ಕೆಲವಕ್ಕೆ ಮುಂಭಾಗದ ಅಡಿಯಲ್ಲಿ ಕಬ್ಬಿಣದ ಬಳೆ ಇರುತ್ತದೆ. ಹಲವು ಕಾರುಗಳಲ್ಲಿ ಬಂಪರಿನ ಚಿಕ್ಕ ಮುಚ್ಚಳ ತೆಗೆದು ತಿರುಪಿ ಹಾಕುವ ಬಳೆಯನ್ನು ಜಾಕಿನ ಸಾಮಾನಿನ ಜೊತೆಗೇ ಕೊಟ್ಟಿರುತ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಸ್ಟೆಪ್ನಿ ನೋಡುತ್ತೇವೆ, ಜಾಕು ನೋಡುತ್ತೇವೆ, ಈ ಬಳೆ ಇದೆಯೇ ಎಂದು ಮಾತ್ರ ಯಾರೂ ನೋಡಲ್ಲ. ಇವತ್ತೇ ಡಿಕ್ಕಿ ತೆಗೆದು ನೋಡಿಕೊಳ್ಳಿ.

ಕಾರಿನ ಮೂತಿ ಡೆಕ್ಕಿನ ಅಂಚಿಗೆ ತಗಲುವಂತಿದ್ದರೆ ಚಕ್ರದಡಿ ಹಲಗೆ ಕೊಟ್ಟು ಏರನ್ನು ಸಲೀಸು ಮಾಡಬೇಕು. ಹೊಸ ಎಮ್ಮೆಯನ್ನು ಲಾರಿಗೆ ಹತ್ತಿಸುವಾಗ ನಾವೆಲ್ಲ ಇದನ್ನೇ ತಾನೇ ಮಾಡೋದು? ಎಮ್ಮೆಗೆ ತೋರುವ ತಾಳ್ಮೆ ಕಾರಿಗೂ ಇರಲಿ. ಕಾರು ಮೇಲೆ ಬಂದ ಮೇಲೆ ಡೆಕ್ಕಿನಲ್ಲಿ ಸಾಕಷ್ಟು ಮುಂದಕ್ಕೆ ಕೂರಬೇಕು. ಭಾರ ತೀರಾ ಹಿಂದಕ್ಕಾದರೆ ಹೊರುವ ಗಾಡಿಯ ಮುಂದಿನ ಚಕ್ರ ಹಗುರಾಗಿ ಘಾಟಿಯಲ್ಲಿ ಸ್ಟೀರಿಂಗ್ ಮಾತು ಕೇಳಲ್ಲ. ಆಮೇಲೆ ಕಟ್ಟುವ ಕೆಲಸ. ಬೆಲ್ಟು ಹಾಕಬೇಕಾದ್ದು ಟೈರುಗಳ ಮೇಲೆ, ನಾಲ್ಕೂ ಕಡೆ. ಬಾಡಿಗೆ ಬಿಗಿದರೆ ರಸ್ತೆಯ ಕುಲುಕಾಟಕ್ಕೆ ಸ್ಪ್ರಿಂಗು ಒತ್ತಿ ಬಿಟ್ಟು ಬೆಲ್ಟು ಸಡಿಲಾಗುತ್ತದೆ. ಮುಂದೆ ಒಂದೇ ಹಗ್ಗ ಕಟ್ಟಿ 'ಏನೂ ಆಗಲ್ಲ ಬುಡಣ್ಣ' ಅನ್ನುವವರ ಗಾಡಿಯನ್ನು ಹೊರಡಲು ಬಿಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಕಾರಿನ ತೂಕದ ಮುಕ್ಕಾಲು ಪಾಲಿನಷ್ಟು ಬಲ ಮುಂದಕ್ಕೆ ನೂಕಬಹುದು. ಅಲ್ಲಿ ಕೂತಿರೋದು ಅದೇ ಡ್ರೈವರ್, ಪಕ್ಕದಲ್ಲಿ ನೀವು! ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟು ಮುಟ್ಟಿ ನೋಡೋದು ಒಳ್ಳೇ ಪದ್ಧತಿ. ಡೆಕ್ಕಿನ ಮೇಲಿನ ಕಾರಿನೊಳಗೆ ಮಕ್ಕಳನ್ನಾಗಲಿ ವಯಸ್ಸಾದವರನ್ನಾಗಲಿ ಕೂರಿಸಲೇಬಾರದು.

ವಿಂಚು ಎಳೆಯುವಾಗ ಹಗ್ಗದ ನೇರಕ್ಕೂ ಕಾರಿನ ಹಿಂದೆಯೂ ಯಾರೂ ನಿಲ್ಲಬಾರದು. ತುಂಡಾದ ಉಕ್ಕಿನ ಹಗ್ಗ ಚಾಟಿಯ ಹಾಗೆ ಬೀಸುತ್ತದೆ, ಕೈಕಾಲು ಮುರಿಯುತ್ತದೆ. ನಮ್ಮ ಗಡಿಭಾಗಕ್ಕೆ ಇಲ್ಲಿ ಇನ್ನೂ ಒಂದು ತೊಡಕಿದೆ. ವಿಂಚಿನ ಗುಂಡಿ ಹಿಡಿದವನ ಮಾತು ಒಂದು, ಸ್ಟೀರಿಂಗ್ ಹಿಡಿದವನ ಮಾತು ಇನ್ನೊಂದು, ಸುತ್ತ ನಿಂತ ಹತ್ತು ಜನ ಎರಡೂ ಭಾಷೆಯಲ್ಲಿ ಕೂಗುತ್ತಿರುತ್ತಾರೆ. ತಮಿಳಿನ 'ನಿರುತ್ತು', ತೆಲುಗಿನ 'ಆಪು', ಮರಾಠಿಯ 'ಥಾಂಬಾ', ನಮ್ಮ 'ನಿಲ್ಸು' ಎಲ್ಲ ಒಟ್ಟಿಗೆ ಕೇಳಿಬಂದರೆ ಯಾವುದೂ ಕೇಳಿಸಲ್ಲ. ಹತ್ತಿಸುವ ಮೊದಲು ಒಬ್ಬನೇ ಕೈಸನ್ನೆ ಕೊಡಬೇಕು, ನಿಲ್ಲಿಸಲು ಇಂಥದೇ ಒಂದು ಮಾತು ಅಂತ ಗೊತ್ತು ಮಾಡಿಕೊಳ್ಳಬೇಕು. ಎರಡು ಭಾಷೆ ಬಲ್ಲ ನಾವು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಆದರೆ ಮಾಡುವವರು ಎಷ್ಟು ಜನ?

'ಅವರ ಕಸುಬು ಅವರಿಗೆ ಗೊತ್ತು, ನಾವ್ಯಾಕೆ ತಲೆ ಹಾಕೋದು' ಅನ್ನುವವರೂ ಇದ್ದಾರೆ. ಕಸುಬು ಬಲ್ಲ ಹುಡುಗರು ಖಂಡಿತ ಇದ್ದಾರೆ. ಮಳೆಯಲ್ಲಿ, ನಡುರಾತ್ರಿಯಲ್ಲಿ ಬಂದು ಪಕ್ಕದಲ್ಲೇ ಲಾರಿಗಳು ಹಾಯುತ್ತಿರುವಾಗ ನೆಲಕ್ಕೆ ಮಲಗಿ ಕೊಕ್ಕೆ ಹಾಕುವವರನ್ನು ಬೈಯಲು ಬಾಯಿ ಬರಲ್ಲ. ಅವರಿಗೆ ಇರುವ ಕಷ್ಟ ಅವಸರದ್ದು. ದಿಂಬಂ ಘಾಟಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಬಂಡೀಪುರದ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗೇಟು ಮುಚ್ಚುವ ಹೊತ್ತು ಹತ್ತಿರವಾದರೆ ನಾಲ್ಕು ಬೆಲ್ಟಿನ ಜಾಗದಲ್ಲಿ ಎರಡೇ ಬೀಳುತ್ತವೆ. ಅವಸರ ಮಾಡಿಸುವವರಲ್ಲಿ ನಾವೂ ಇರುತ್ತೇವೆ. ಕಾಡಿನ ಪ್ರಾಣಿಗೆ ಆ ನಿರ್ಬಂಧ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕತ್ತಲಾಗುವ ಮೊದಲೇ ಫೋನ್ ಮಾಡುವ ಬುದ್ಧಿ ನಮಗೆ ಬರಬೇಕು.

ಇನ್ನು ದುಡ್ಡಿನ ಮಾತು. 2002ರ ಮೋಟಾರ್ ಟ್ಯಾರಿಫಿನ ಪಾಲಿಸಿಯಲ್ಲಿ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸಲು ಇಟ್ಟ ಮಿತಿ 1500 ರೂಪಾಯಿ. ಅದೂ ವಿಮೆಗೆ ಒಳಪಟ್ಟ ಅಪಘಾತ, ನಷ್ಟದಿಂದ ಗಾಡಿ ನಿಂತಿದ್ದರೆ ಮಾತ್ರ. ಸುಮ್ಮನೆ ಕೆಟ್ಟು ನಿಂತ ಗಾಡಿಗೆ ಬೇರೆ ಹಣ ಕಟ್ಟಿ ರಸ್ತೆ ಸಹಾಯದ ಸೌಲಭ್ಯ ಪಡೆದಿರಬೇಕು. ಅದು ಎಷ್ಟು ಕಿಲೋಮೀಟರಿಗೆ, ರಾಜ್ಯದ ಗಡಿ ದಾಟಿಸುತ್ತದೆಯೇ ಅನ್ನೋದನ್ನು ಪಾಲಿಸಿ ಮಾಡಿಸುವ ದಿನವೇ ಏಜೆಂಟರನ್ನು ಕೇಳಿ ಬರೆಸಿಕೊಳ್ಳಿ. ಯಾಕೆಂದರೆ ಹೊರುವ ಗಾಡಿಗೆ ಪಕ್ಕದ ರಾಜ್ಯದ ಪರ್ಮಿಟ್ ಇಲ್ಲದಿದ್ದರೆ ಚೆಕ್‌ಪೋಸ್ಟಿನ ಹತ್ತಿರ ನಿಮ್ಮ ಕಾರನ್ನು ಇಳಿಸಿ ಇನ್ನೊಂದಕ್ಕೆ ಹತ್ತಿಸಬೇಕಾಗಬಹುದು. ಎರಡು ಸಲ ಹತ್ತಿಸಿದರೆ ಅಪಾಯವೂ ಎರಡು ಪಾಲು, ಗೀರು ಯಾವ ಗಾಡಿಯಲ್ಲಿ ಬಿತ್ತು ಅನ್ನುವ ಜಗಳ ಬೇರೆ. ಹತ್ತಿಸುವ ಮೊದಲೊಮ್ಮೆ, ಕಟ್ಟಿದ ಮೇಲೊಮ್ಮೆ ಮೊಬೈಲಿನಲ್ಲಿ ಕಾರಿನ ನಾಲ್ಕೂ ಕಡೆಯ ಫೋಟೊ ತೆಗೆದಿಟ್ಟರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಬಾಡಿಗೆ ಎಷ್ಟು, ಎಲ್ಲಿಗೆ ಇಳಿಸೋದು ಅನ್ನೋದು ಒಂದು ಚೀಟಿಯಲ್ಲಿ ಇರಲಿ. ಟೋಲ್ ಇರುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹೊಸೂರು ದಾರಿಯಲ್ಲಾಗಲಿ ಸೊಲ್ಲಾಪುರ ದಾರಿಯಲ್ಲಾಗಲಿ, ಗಾಡಿ ನಿಂತರೆ ಮೊದಲು 1033ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಲೀಕನೊಬ್ಬನ ತಲೆಗೇ ಕಟ್ಟೋದೂ ನ್ಯಾಯವಲ್ಲ. ಹಾಸನೂರು, ಬಣ್ಣಾರಿ, ಅತ್ತಿಬೆಲೆ, ತಲಪಾಡಿಯಂಥ ಗಡಿ ಜಾಗಗಳಲ್ಲಿ ಟೋಯಿಂಗ್ ಬಾಡಿಗೆಯ ದರಪಟ್ಟಿ ಎರಡೂ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು. ವರ್ತಕರ ಸಂಘ, ಲಾರಿ ಮಾಲೀಕರ ಸಂಘಗಳು ಎರಡೂ ಕಡೆಯವರನ್ನು ಕೂರಿಸಿ ಒಂದು ದಿನ ಮಾತಾಡಿದರೆ ಆಗುವ ಕೆಲಸ ಇದು. ಸಾರಿಗೆ ಇಲಾಖೆಗಳು ಟೋಯಿಂಗ್ ಗಾಡಿಯ ಎಫ್.ಸಿ. ನೋಡುವಾಗ ವಿಂಚಿನ ಹಗ್ಗದ ಎಳೆ ಕಿತ್ತಿದೆಯೇ, ನಾಲ್ಕು ಬೆಲ್ಟು ಇವೆಯೇ ಎಂದೂ ನೋಡಲಿ. ನಮ್ಮ ಊರಿನ ಹುಡುಗರು ಹಲವರು ಈ ಕಸುಬಿಗೆ ಇಳಿಯುತ್ತಿದ್ದಾರೆ. ಕ್ಲೀನರ್ ಆಗಿ ಸೇರಿ ಹೊಡೆತ ತಿಂದು ಕಲಿಯುವ ಬದಲು ಐ.ಟಿ.ಐ.ಗಳಲ್ಲಿ ನಾಲ್ಕು ದಿನದ ತರಬೇತಿ ಸಿಕ್ಕಿದರೆ ಅವರ ಕೈಕಾಲೂ ಉಳಿಯುತ್ತದೆ, ನಮ್ಮ ಗಾಡಿಯೂ ಉಳಿಯುತ್ತದೆ. ಗಡಿಯ ಎರಡೂ ಬದಿಯ ಅಧಿಕಾರಿಗಳು, ಸಂಘಗಳು ಇತ್ತ ಗಮನ ಕೊಡಲಿ. ಅವರು ಕೊಡುವ ತನಕ ನಾವು ಕಾಯಬೇಕಾಗಿಲ್ಲ. ಮುಂದಿನ ಸಲ ಗಾಡಿ ನಿಂತಾಗ ಕೊಕ್ಕೆ ಎಲ್ಲಿ, ಬೆಲ್ಟು ಎಷ್ಟು, ಬಾಡಿಗೆ ಏನು ಎಂಬ ಮೂರು ಮಾತು ಕೇಳಿ, ಉತ್ತರ ಸರಿ ಬಂದ ಮೇಲೆಯೇ ಕೀಲಿ ಕೊಡೋಣ.