ಮಕ್ಕಳ ಆಟ ಮತ್ತು ನಮ್ಮ ರಜೆ



ಹೋಟೆಲು ಕೆಲಸದವರಿಗೆ ಆಟದ ಹುಚ್ಚು ಹೊಸದೇನಲ್ಲ. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಕಬಡ್ಡಿ ಸುರುವಾಯಿತೆಂದರೆ ನಮ್ಮ ಕೈಯಲ್ಲಿನ ಇಡ್ಲಿ ಪ್ಲೇಟು ಮೇಜು ತಲಪುವುದು ತಡವಾಗುತ್ತದೆ. ಒಂದು ರೈಡಿಗೆ 30 ಸೆಕೆಂಡು. ಆ 30 ಸೆಕೆಂಡು ಮಾಣಿಯೂ ನಿಲ್ಲುತ್ತಾನೆ, ಗಿರಾಕಿಯೂ ತುತ್ತು ಹಿಡಿದು ನೋಡುತ್ತಾನೆ, ಗಲ್ಲಾದಲ್ಲಿ ಕೂತ ಧಣಿಯೂ ಚಿಲ್ಲರೆ ಎಣಿಸುವುದನ್ನು ಮರೆಯುತ್ತಾನೆ. ರೈಡರು ನಡುಗೆರೆ ಮುಟ್ಟಿದ ಮೇಲೆಯೇ "ಏ, ಮೂರನೇ ಟೇಬಲಿಗೆ ಸಾಂಬಾರು" ಎಂಬ ಕೂಗು. ಧಣಿಯೂ ಆಳೂ ಒಂದೇ ಆಗುವ ಹೊತ್ತು ನಮ್ಮ ದಿನದಲ್ಲಿ ಇದೊಂದೇ. ಅದೂ ಅರ್ಧ ನಿಮಿಷದ್ದು.

ಆದರೆ ನಾವು ಬರೆಯಹೊರಟದ್ದು ಟಿ.ವಿ.ಯ ಆಟದ ಸಂಗತಿಯಲ್ಲ. ನಮ್ಮಲ್ಲಿ ಹಲವರ ಮಕ್ಕಳು ಈಗ ತಾವೇ ಅಂಗಳಕ್ಕೆ ಇಳಿದಿದ್ದಾರೆ. ಕೆಲವರ ಮಕ್ಕಳು ಇಲ್ಲೇ ಮುಂಬಯಿಯ ಕ್ರೀಡಾ ಮಂಡಳಗಳಲ್ಲಿ ಆಡುತ್ತಾರೆ. ಇನ್ನು ಕೆಲವರ ಸಂಸಾರ ಊರಲ್ಲಿದೆ. ಮಗ ತಾಲೂಕು ಕ್ರೀಡಾಕೂಟದಲ್ಲಿ ಓಡಿದ್ದನ್ನು ಅಪ್ಪ ಇಲ್ಲಿ ಪಾರ್ಸೆಲ್ ಕಟ್ಟುವ ನಡುವೆ ಮೊಬೈಲಿನಲ್ಲಿ ನೋಡುತ್ತಾನೆ. ಈ ಮಕ್ಕಳಿಗೆ ತಂದೆಯರಾಗಿ ನಾವು ಹೇಗೆ ನಡೆದುಕೊಳ್ಳುತ್ತಿದ್ದೇವೆ ಎಂಬುದು ಕೊಂಚ ಯೋಚಿಸತಕ್ಕ ಮಾತು. ಬೇರೆಯವರಿಗೆ ಬುದ್ಧಿ ಹೇಳುವ ಮುಂಚೆ ನಮ್ಮ ಮನೆಯ ತಪ್ಪನ್ನೇ ಹೇಳಿಬಿಡುತ್ತೇವೆ.

ಎರಡು ವರ್ಷದ ಹಿಂದಿನ ಮಾತು. ನಾವು ಆಗಿನ್ನೂ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದೆವು. ಮಗಳಿಗೆ 13 ತುಂಬಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಚಾಳಿನ ಹತ್ತಿರದ ಮಂಡಳದಲ್ಲಿ ಕಬಡ್ಡಿ ಅಭ್ಯಾಸ. ಕಾಲು ಹಿಡಿಯುವುದರಲ್ಲಿ ಒಳ್ಳೆಯ ಕೈ ಎಂದು ಕಲಿಸುವ ಸರ್ ಹೇಳುತ್ತಿದ್ದರು. ಆಯ್ಕೆ ಪಂದ್ಯಕ್ಕೆ ಕರೆ ಬಂತು. ಈ ಆಟದಲ್ಲಿ ಮಕ್ಕಳಿಗೆ ವಯಸ್ಸಿನ ಮಿತಿಯಲ್ಲದೆ ತೂಕದ ಮಿತಿಯೂ ಉಂಟು. ಆಟಕ್ಕೆ ಮುಂಚೆ ತಕ್ಕಡಿಯ ಮೇಲೆ ನಿಲ್ಲಿಸಿ ನೋಡುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನೋಡಿಸಿದೆವು. ಮಿತಿಗಿಂತ ಒಂದೂವರೆ ಕಿಲೋ ಹೆಚ್ಚು!

ಮನೆಯಲ್ಲಿ ಹುಕುಂ ಮಾಡಿದೆವು: ನಾಲ್ಕು ದಿನ ರಾತ್ರಿ ಅನ್ನವಿಲ್ಲ. ಬೆಳಿಗ್ಗೆ ಎರಡು ಅಂಗಿ ಮೇಲೆ ಸ್ವೆಟರು ಹಾಕಿಸಿ ಓಡಿಸಿದೆವು. ಕೊನೆಯ ದಿನ ನೀರನ್ನೂ ಗುಟುಕು ಲೆಕ್ಕದಲ್ಲಿ ಕೊಟ್ಟೆವು. ಮನೆಯವಳು ಒಂದೇ ಮಾತು ಅಂದಳು: "ಊರಿಗೆಲ್ಲ ಬಡ್ಸುದ್ ನೀವ್. ನಿಮ್ ಮಗಳಿಗ್ ಮಾತ್ರ ಉಪಾಸವಾ?" ನಮಗೆ ಸಿಟ್ಟು ಬಂತು. ಆಟದ ವಿಷಯ ನಿನಗೇನು ಗೊತ್ತು ಅಂದೆವು. ನಮಗಾದರೂ ಏನು ಗೊತ್ತಿತ್ತು? ಟಿ.ವಿ.ಯಲ್ಲಿ ನೋಡಿದ್ದಷ್ಟೆ.

ಪಂದ್ಯ ಇದ್ದದ್ದು ಭಾನುವಾರ. ರಜೆ ಕೇಳಿದೆವು. "ನಿನ್ನ ಮಗಳು ಆಡ್ಲಿಕ್ಕೆ ಹೋದ್ರೆ ನನ್ನ ಕಾವಲಿ ಮುಂದೆ ಯಾರು ನಿಲ್ಲುದು?" ಎಂದು ಧಣಿ ಕೇಳಿದರು. ಕಾವಲಿ ಮುಂದೆ ನಾವೇ ನಿಂತೆವು. ಮಧ್ಯಾಹ್ನ ಮೂರರ ಮೇಲೆ ಫೋನು ಬಂತು. ತೂಕದಲ್ಲಿ ಪಾಸಾಗಿದ್ದಳು, ಮೊದಲ ಅರ್ಧ ಚೆನ್ನಾಗಿಯೇ ಆಡಿದ್ದಳು, ಎರಡನೆಯ ಅರ್ಧದಲ್ಲಿ ಯಾರೂ ಮುಟ್ಟದೆ, ಎಳೆಯದೆ, ನಿಂತಲ್ಲೇ ಕುಸಿದಿದ್ದಳು. ಚಾಳಿನ ಹಿರಿಯರೊಬ್ಬರು ಜೊತೆಗೆ ಹೋಗಿದ್ದರು. ಗದಗಿನ ಕಡೆಯವರು, ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿದು ನಿವೃತ್ತರಾದವರು. ರಿಕ್ಷಾದಲ್ಲಿ ಕೂರಿಸಿ ಡಾಕ್ಟರಲ್ಲಿಗೆ, ಅಲ್ಲಿಂದ ಮನೆಗೆ ಅವರೇ ತಂದರು. ರಾತ್ರಿ ನಾವು ಹೋದಾಗ ಅವರು ಕೇಳಿದ್ದು ಇಷ್ಟೇ: "ಹುಡಿಗಿ ಹೊಟ್ಟಿಗೆ ಏನರೆ ಹಾಕಿದ್ರೇನ್ರಿ?"

ಆ ರಾತ್ರಿ ನಾವು ಉತ್ತರ ಕೊಡಲಿಲ್ಲ. ಮರುದಿನ ಸರ್ ಕೂಡ ಬೈದರು. ತೂಕ ಹೆಚ್ಚಿದ್ದರೆ ಮುಂದಿನ ವಯೋಗುಂಪಿನ ತಂಡದಲ್ಲಿ ಆಡಿಸುತ್ತಿದ್ದೆ, ಬೆಳೆಯುವ ಮಗುವಿಗೆ ತೂಕ ಏರದೆ ಇಳಿಯುತ್ತದೆಯೇ, ಉಪವಾಸ ಹಾಕಿ ಎಂದು ನಾನು ಯಾವಾಗ ಹೇಳಿದೆ ಎಂದು ಕೇಳಿದರು. ಅವರು ಹೇಳಿರಲಿಲ್ಲ. ನಾವು ಕೇಳಿರಲೂ ಇಲ್ಲ. ಅವರನ್ನು ನಾವು ಅದುವರೆಗೆ ಕಂಡದ್ದೇ ಎರಡು ಸಲ.

ಹೀಗೇಕೆ ಮಾಡಿದೆವು ಎಂದು ಈಗ ನೋಡಿದರೆ ಲೆಕ್ಕ ಸ್ಪಷ್ಟವಿದೆ. 2014ರಲ್ಲಿ ಪ್ರೊ ಕಬಡ್ಡಿ ಸುರುವಾದಾಗ ರಾಕೇಶ್ ಕುಮಾರ್ ಹರಾಜಿನಲ್ಲಿ 12.80 ಲಕ್ಷಕ್ಕೆ ಹೋದರು. 2023ರಲ್ಲಿ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷ ದಾಟಿದರು. ಈ ಅಂಕೆಗಳು ನಮ್ಮ ಅಡಿಗೆಮನೆಗಳಲ್ಲಿ ಬಾಯಿಪಾಠ. ಅದು ಗಂಡಸರ ಹರಾಜು, ನಮ್ಮದು ಹೆಣ್ಣುಮಗು ಎಂಬುದು ಗೊತ್ತಿದ್ದೂ ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ಹೆಂಗಸರಿಗಾಗಿ 2016ರಲ್ಲಿ ಬರೇ ಮೂರು ತಂಡಗಳ ಸಣ್ಣ ಸ್ಪರ್ಧೆ ನಡೆಸಿದ್ದರು, ಅಷ್ಟೆ. ಆದರೂ ನಮ್ಮ ಕಡೆಯ ಉದಾಹರಣೆಗಳು ಇವೆಯಲ್ಲ! ಕಾರ್ಕಳ ತಾಲೂಕಿನ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪಿನಲ್ಲಿ ಭಾರತದ ನಾಯಕಿಯಾಗಿ ಗೆದ್ದರು, ರೈಲ್ವೆಯಲ್ಲಿ ನೌಕರಿ ಪಡೆದರು, 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಭಾರ ಎತ್ತುವುದರಲ್ಲಿ 2018ರ ಕಾಮನ್‌ವೆಲ್ತ್ ಕೂಟದ ಬೆಳ್ಳಿ, 2022ರಲ್ಲಿ ಕಂಚು ತಂದರು. ಅವರ ತಂದೆ ಗಾಡಿಯ ಡ್ರೈವರ್. ಡ್ರೈವರನ ಮಗನಿಗೆ ಆದದ್ದು ದೋಸೆ ಹುಯ್ಯುವವನ ಮಗಳಿಗೆ ಯಾಕಾಗಬಾರದು?

ಆಗಬಾರದೆಂದು ನಾವೂ ಹೇಳುವುದಿಲ್ಲ. ಆಗಲಿ. ಆದರೆ ಗುರುರಾಜರ ಜೊತೆ ಅದೇ ಕಬ್ಬಿಣ ಎತ್ತಿದ ಹುಡುಗರು ಎಷ್ಟೋ ಮಂದಿ ಇದ್ದಿರಲೇಬೇಕು. ಅವರು ಇಂದು ಯಾವ ಕೆಲಸದಲ್ಲಿದ್ದಾರೋ ನಮಗೆ ಗೊತ್ತಿಲ್ಲ. ಅವರ ಫೋಟೋ ಯಾವ ಹೋಟೆಲಿನ ಗೋಡೆಯಲ್ಲೂ ಇಲ್ಲ. ಗೆದ್ದವನನ್ನು ಮಾತ್ರ ಎಣಿಸುವುದು ಅಭಿಮಾನಿಯ ಲೆಕ್ಕ. ಅಭಿಮಾನಿಗೆ ಅದು ಸಲ್ಲುತ್ತದೆ, ಯಾಕೆಂದರೆ ತನ್ನ ತಂಡ ಸೋತರೆ ಟಿ.ವಿ. ಆರಿಸಿ ಮಲಗಬಹುದು. ಅಪ್ಪನಿಗೆ ಹಾಗಿಲ್ಲ. ಸೋತ ಮಗು ಅದೇ ಖೋಲಿಯಲ್ಲಿ, ನಮ್ಮ ಮಗ್ಗುಲಲ್ಲೇ ಮಲಗಿರುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: ಅಂಗಳಕ್ಕೆ ಹೋಗದ ಅಪ್ಪನಿಗೆ ಮಗುವಿನ ಆಟ ಲಾಟರಿ ಟಿಕೇಟಾಗಿ ಕಾಣುತ್ತದೆ. ಹೋಗಿ ಕೂತು ನೋಡಿದವನಿಗೆ ಮಾತ್ರ ಮಂಡಿ ಎಲ್ಲಿ ತರಚಿದೆ, ಬೂಟು ಎಲ್ಲಿ ಕಚ್ಚುತ್ತಿದೆ, ಮಣ್ಣಿನಲ್ಲಿ ಕಲಿತ ಮಗು ಮ್ಯಾಟಿನ ಮೇಲೆ ಹೇಗೆ ತಡವರಿಸುತ್ತದೆ, ಸೋತ ಮೇಲೂ ಜೊತೆಗಾತಿಯರ ಸಂಗಡ ಹೇಗೆ ನಗುತ್ತದೆ ಎಂಬುದು ಕಾಣುತ್ತದೆ. ನಾವು ಹೋಗುವುದಿಲ್ಲವೆಂಬುದು ನಮ್ಮ ತಪ್ಪೊಂದೇ ಅಲ್ಲ. ಹೋಗಲು ಬಿಡುವುದಿಲ್ಲ.

ಪರಳ, ಲಾಲ್‌ಬಾಗ, ಪ್ರಭಾದೇವಿಗಳಲ್ಲಿ ಹಿಂದೆ ಹುತುತು ಎಂದು ಕರೆಯುತ್ತಿದ್ದ ಈ ಆಟ ಬೇರೂರಿದ್ದು ಗಿರಣಿ ಕಾರ್ಮಿಕರ ನಡುವೆ. ಅದಕ್ಕೊಂದು ಕಾರಣ ಭೋಂಗಾ. ಪಾಳಿ ಮುಗಿದ ಭೋಂಗಾ ಆಯಿತೆಂದರೆ ಆ ಮೇಲಿನ ಹೊತ್ತು ಕಾರ್ಮಿಕನದು. 1982ರ ಜನವರಿ 18ರಂದು ಸುರುವಾದ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿ ಆ ನೆಲದಲ್ಲಿ ಗಗನಚುಂಬಿ ಮನೆಗಳೆದ್ದವು, ಅದು ಬೇರೆ ಕತೆ. ಹೋಟೆಲಿಗೆ ಮಾತ್ರ ಎಂದೂ ಭೋಂಗಾ ಇರಲಿಲ್ಲ. ನಮ್ಮ ದಿನ ನಸುಕಿಗೆ ಹಿಟ್ಟಿನ ಪಾತ್ರೆಯಿಂದ ಸುರುವಾಗಿ, ಮಧ್ಯಾಹ್ನ ಎರಡು ತಾಸು ನಿದ್ದೆಗೆ ಬಿಟ್ಟು, ಮಕ್ಕಳು ಆಡುವ ಹೊತ್ತಿಗೇ ಮತ್ತೆ ಹಿಡಿದುಕೊಳ್ಳುತ್ತದೆ.

ವಾರಕ್ಕೊಂದು ರಜೆ ಮಹಾರಾಷ್ಟ್ರದ 2017ರ ಅಂಗಡಿ-ಸಂಸ್ಥೆಗಳ ಕಾನೂನಿನಲ್ಲಿ ಬರೆದಿದೆ. ಕೊಡುವ ಧಣಿಗಳೂ ಇದ್ದಾರೆ. ಆದರೆ ಕೊಡುವುದು ಯಾವ ದಿನ? ಗಿರಾಕಿ ಕಡಿಮೆಯಿರುವ ಸೋಮವಾರ, ಮಂಗಳವಾರ. ಮಕ್ಕಳ ಪಂದ್ಯ ಯಾವಾಗ? ಭಾನುವಾರ. ಮಗು ಶಾಲೆಯಲ್ಲಿರುವ ದಿನ ಅಪ್ಪನಿಗೆ ರಜೆ. ಮಗು ಅಂಗಳದಲ್ಲಿರುವ ದಿನ ಅಪ್ಪ ಕಾವಲಿ ಮುಂದೆ.

ಭಾನುವಾರ ಹೋಟೆಲಿಗೆ ಸುಗ್ಗಿ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಎಲ್ಲ ಭಾನುವಾರ ಬೇಕೆಂದೂ ಕೇಳುವುದಿಲ್ಲ. ಆಡುವ ಮಕ್ಕಳ ತಂದೆಗೆ ವರ್ಷಕ್ಕೆ ನಾಲ್ಕು ಭಾನುವಾರ, ಅದೂ ಅವನ ವಾರದ ರಜೆಗೆ ಬದಲಿಯಾಗಿ. ಪಂದ್ಯದ ದಿನ ಮುಂಚಿತವಾಗಿ ತಿಳಿಯುತ್ತದೆ. ಪಕ್ಕದ ಹೋಟೆಲಿನಲ್ಲಿ ಆ ದಿನ ರಜೆಯಿರುವ ದೋಸೆಯವನು ಬಂದು ನಿಂತರೆ ಕಾವಲಿ ಆರುವುದಿಲ್ಲ. ಇಬ್ಬರು ಧಣಿಗಳು ಹೂಂ ಅಂದಿದ್ದಾರೆ. ಉಳಿದವರ ಹತ್ತಿರ ಮಾತಾಡುವ ಕೆಲಸ ಸಂಘದ್ದು.

ಸಂಘಕ್ಕೂ ಒಂದು ಮಾತು. 1952ರಲ್ಲಿ ಹೆಲ್ಸಿಂಕಿಗೆ ಹೋಗಿ ಕುಸ್ತಿಯಲ್ಲಿ ಕಂಚು ತಂದ ಸಾತಾರಾ ಜಿಲ್ಲೆಯ ಖಾಶಾಬಾ ಜಾಧವರಿಗೆ ಊರ ಜನ ಚಂದಾ ಎತ್ತಿದ್ದು ಅವರು ಹೋಗುವ ಮುಂಚೆ. ನಾವು ಶಾಲು, ಹಣ್ಣಿನ ಬುಟ್ಟಿ ತರುವುದು ಮಗು ಗೆದ್ದು ಬಂದ ಮೇಲೆ. ಆ ಬುಟ್ಟಿಯ ಹಣದಲ್ಲಿ ಹತ್ತು ಮಕ್ಕಳಿಗೆ ದಿನಕ್ಕೊಂದು ಮೊಟ್ಟೆ, ಒಂದು ಲೋಟ ಹಾಲು ಎಷ್ಟು ದಿನ ಕೊಡಬಹುದು ಎಂದು ಕೋಶಾಧ್ಯಕ್ಷರು ಲೆಕ್ಕ ಮಾಡಿ ನೋಡಲಿ.

ಕೆಲವು ಹಿರಿಯ ಮಿತ್ರರು ಅನ್ನುತ್ತಾರೆ: ನಾವು 12ನೇ ವಯಸ್ಸಿಗೆ ಬಸ್ಸು ಹತ್ತಿ ಬಂದು ಕಪ್ಪು-ಬಸಿ ತೊಳೆದವರು, ನಮ್ಮ ಅಪ್ಪ ಯಾವ ಆಟ ನೋಡಲಿಕ್ಕೆ ಬಂದಿದ್ದ? ನಿಜ. ಯಾರ ಅಪ್ಪನೂ ಬಂದಿರಲಿಲ್ಲ. ನಾವೂ ಏಳನೇ ಇಯತ್ತೆ ಮುಗಿಸಿ ಬಂದವರೇ. ಆ ದಿನಗಳನ್ನು ನೆನೆದು ನಮ್ಮಲ್ಲಿ ಯಾರಾದರೂ ಸಂತೋಷಪಡುತ್ತೇವೆಯೇ ಎಂದು ಮಾತ್ರ ನಾವು ತಿರುಗಿ ಕೇಳುತ್ತೇವೆ.

ಮಗಳು ಮೂರು ವಾರ ಮಲಗೆದ್ದು ಮತ್ತೆ ಆಟಕ್ಕೆ ಹೋದಳು. ಕಳೆದ ವರ್ಷ ಮೊದಲ ಸಲ ನಾವು ಪಂದ್ಯ ನೋಡಲು ಹೋದೆವು. ಹೋದವರು ಸುಮ್ಮನಿದ್ದೆವೇ? ಟಿ.ವಿ. ಮುಂದೆ ಕಲಿತ ಅಭ್ಯಾಸ. "ಹಿಡಿ, ಬಿಡಬೇಡ, ಹಿಂದೆ ಬಾ" ಎಂದು ಗಂಟಲು ಹರಿಯುವಂತೆ ಕೂಗಿದೆವು. ಅವಳು ಒಮ್ಮೆ ನಮ್ಮ ಕಡೆ ನೋಡಿದಳು, ಅಷ್ಟರಲ್ಲಿ ಎದುರಿನ ಹುಡುಗಿ ಮುಟ್ಟಿಕೊಂಡು ಹೋದಳು. ಮನೆಗೆ ಬರುವಾಗ ಲೋಕಲಿನಲ್ಲಿ ಹೇಳಿದಳು: "ಕಾಂಬುಕೆ ಬನ್ನಿ ಅಪ್ಪಯ್ಯ, ಕೂಗುಕಲ್ಲ."

ಈಗ ನಾವು ಹೋಗುವಾಗ ಡಬ್ಬಿಯಲ್ಲಿ ಮೊಸರನ್ನ, ಎರಡು ಬೇಯಿಸಿದ ಮೊಟ್ಟೆ ಒಯ್ಯುತ್ತೇವೆ. ಬಾಯಿ ಮುಚ್ಚಿಕೊಳ್ಳುವುದನ್ನು ಇನ್ನೂ ಅಭ್ಯಾಸ ಮಾಡುತ್ತಿದ್ದೇವೆ.

ಭಾನುವಾರದ ಬದಲಿ ಪಾಳಿಯ ಪಟ್ಟಿಯನ್ನು ಸಂಘದ ಕಛೇರಿಯ ಗೋಡೆಗೆ ಹಚ್ಚಿದ್ದೇವೆ. ಇದುವರೆಗೆ ಐದು ಹೆಸರು ಬಂದಿವೆ: ಮೂವರು ದೋಸೆಯವರು, ಒಬ್ಬ ಸಪ್ಲಾಯರ್, ಒಬ್ಬರು ಗಲ್ಲಾದವರು. ಆಡುವ ಮಕ್ಕಳಿಲ್ಲದವರೂ ಬದಲಿಗೆ ನಿಲ್ಲಲು ಹೆಸರು ಕೊಡಬಹುದು. ಸಂಜೆ ಏಳರ ಮೇಲೆ ಕಛೇರಿ ತೆರೆದಿರುತ್ತದೆ. ಪೆನ್ಸಿಲು ಪಟ್ಟಿಯ ಪಕ್ಕದಲ್ಲೇ ದಾರಕ್ಕೆ ಕಟ್ಟಿದೆ.