ಬ್ರಿಲಿಯಂಟ್ ಬೇಲೂರಿನದೇ?

‘ಹುಡುಗಿ ಬಹಳ ಬ್ರಿಲಿಯಂಟ್’ ಎಂಬ ಮಾತು ಕೇಳದ ಕನ್ನಡ ಮನೆ ಇಂದು ಅಪರೂಪ. ಆ ಪದದ ಬೇರು ನಮ್ಮ ಬೇಲೂರಿನಲ್ಲಿದೆ ಎಂದರೆ ಹೊರನಾಡಿನಲ್ಲಿರುವ ನಮಗೆ ಹಿಗ್ಗು ತುಸು ಹೆಚ್ಚೇ. ಹಿಗ್ಗುವ ಮೊದಲು ಪದ ನಡೆದ ದಾರಿಯನ್ನು ನೋಡುವುದು ಒಳ್ಳೆಯದು.

ಇಂಗ್ಲಿಷಿಗೆ ಅದು 17ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರೆಂಚಿನಿಂದ ಬಂತು. ಫ್ರೆಂಚಿಗೆ ಬಂದದ್ದು ಇಟಾಲಿಯನ್ನಿನ ‘ಬ್ರಿಲ್ಲಾರೆ’ಯಿಂದ, ಹೊಳೆಯುವುದು ಎಂದರ್ಥ. ಇಲ್ಲಿಯವರೆಗೆ ತಕರಾರಿಲ್ಲ. ಅದರ ಹಿಂದೆ ಬೆರಿಲ್ ಎಂಬ ಹರಳಿನ ಹೆಸರಿದೆ ಎನ್ನುವಲ್ಲಿ ನಿಘಂಟುಗಳು ‘ಬಹುಶಃ’ ಸೇರಿಸುತ್ತವೆ. ಬೆರಿಲ್ ಮಾತ್ರ ಗ್ರೀಕಿನ ಮೂಲಕ ಪ್ರಾಕೃತದ ‘ವೇರುಲಿಯ’ಕ್ಕೆ, ಅಂದರೆ ನಮ್ಮ ವೈಡೂರ್ಯದ ಒಡಹುಟ್ಟಿಗೆ, ತಲಪುತ್ತದೆ. ಜರ್ಮನ್ನರು ಕನ್ನಡಕವನ್ನು ‘ಬ್ರಿಲ್ಲೆ’ ಎನ್ನುವುದೂ ಈ ಹರಳಿನಿಂದಲೇ. ವೇರುಲಿಯದ ಮೂಲ ವೇಲೂರು ಎಂಬ ದ್ರಾವಿಡ ಊರಹೆಸರು ಎನ್ನುವುದು ಎರಡನೆಯ ಬಹುಶಃ. ಆ ಊರೇ ಬೇಲೂರು ಎನ್ನುವುದು ಮೂರನೆಯದು.

ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದು ನಿಜ. ವೆಳ್ಳಿ, ಬೆಳ್ಳಿ ನೋಡಿ. ಆದರೆ ವೇಲೂರು ಎಂಬ ಊರು ತಮಿಳುನಾಡಿನಲ್ಲೂ ಇದೆ. ಬೇಲೂರಿನ ಖ್ಯಾತಿಗೆ ಕಾರಣವಾದ ಚೆನ್ನಕೇಶವ ದೇವಾಲಯ 1117ರದು. ಬೆರಿಲ್ ಹೆಚ್ಚಾಗಿ ಭಾರತದಲ್ಲೇ ಸಿಗುತ್ತದೆಂದು ರೋಮಿನ ಪ್ಲಿನಿ ಬರೆದದ್ದು ಅದಕ್ಕೂ ಸಾವಿರ ವರ್ಷ ಹಿಂದೆ. ಹರಳಿನ ಹಳೆಯ ಗಣಿಗೆ ಹೆಸರಾದದ್ದು ಕೊಂಗುನಾಡಿನ ಪಡಿಯೂರು. ಅಲ್ಲೇ ಹತ್ತಿರದ ಕೊಡುಮಣಲ್‌ನಲ್ಲಿ ಮಣಿ ಮಾಡುವವರ ನೆಲೆಯನ್ನು ಅಗೆದು ತೆಗೆದಿದ್ದಾರೆ.

ಹಾಗೆಂದು ಪದವನ್ನು ತಮಿಳರಿಗೆ ಒಪ್ಪಿಸಿ ಕೈತೊಳೆಯಬೇಕೆಂದಲ್ಲ. ಯಾರ ಭಾಷೆ ಹಿರಿದು ಎಂಬ ಜಗಳಕ್ಕೆ ಇಂಥ ವ್ಯುತ್ಪತ್ತಿಗಳನ್ನು ಸಾಕ್ಷಿಗೆ ಕರೆಯಬಾರದು ಎಂಬುದಷ್ಟೇ ನನ್ನ ವಾದ. ಸಾಕ್ಷಿ ಹೇಳುವ ‘ಬಹುಶಃ’ವನ್ನು ನಾವು ‘ಖಂಡಿತ’ ಎಂದು ತಿದ್ದಿದರೆ, ಮುಂದೆ ನಮ್ಮ ಗಟ್ಟಿಯಾದ ದಾವೆಗಳನ್ನೂ ಯಾರೂ ನಂಬುವುದಿಲ್ಲ. ಚೆನ್ನೈಯಲ್ಲೋ ಮುಂಬೈಯಲ್ಲೋ ಓದುವ ನಮ್ಮ ಮಕ್ಕಳು ಸಹಪಾಠಿಗಳೆದುರು ಹೇಳಿ ನಗೆಗೀಡಾಗುವುದು ಇಂಥ ಅರೆಸತ್ಯಗಳಿಂದಲೇ.

ಎರಡು ಸಾವಿರ ವರ್ಷಗಳ ಹಿಂದೆಯೇ ಈ ಹರಳಿನ ತವರಿನ ಬಗ್ಗೆ ಚರ್ಚೆಯಿತ್ತು. ವಿದೂರದಿಂದ ಬಂದದ್ದು ವೈದೂರ್ಯ ಎಂದ ಪಾಣಿನಿ. ಹರಳು ಸಿಗುವುದು ವಾಲವಾಯದಲ್ಲಿ, ವಿದೂರದಲ್ಲಿ ಅದಕ್ಕೆ ಸಾಣೆ ಹಿಡಿಯುತ್ತಾರೆ ಎಂಬ ಆಕ್ಷೇಪವನ್ನು ಪತಂಜಲಿ ಎತ್ತಿಕೊಂಡ. ಬ್ರಿಲಿಯಂಟ್ ಪದಕ್ಕೂ ಇದೇ ಮಾತು ಸಲ್ಲುತ್ತದೆ. ಅಗೆದವರು, ಸಾಣೆ ಹಿಡಿದವರು, ಹಡಗಿಗೇರಿಸಿದವರು, ಹೆಸರನ್ನು ನಾಲಿಗೆಗೆ ತಕ್ಕಂತೆ ತಿರುಗಿಸಿಕೊಂಡವರು, ಎಲ್ಲರೂ ಅದಕ್ಕೆ ಪಾಲುದಾರರು. ಆ ಸಾಲಿನಲ್ಲಿ ದಕ್ಷಿಣದ ನಾವೂ ಇದ್ದೇವೆ ಎಂಬಷ್ಟು ಹೆಮ್ಮೆ ಸಾಕು.