ಬಿಟ್ಟ ನಾಯಿ, ಕೆಟ್ಟ ನಾಯಿ ಅಲ್ಲ

ಹೋದ ಐತವಾರ ನಮ್ಮ ವೈನಿ ಫೋನ್ ಮಾಡಿದ್ರು. "ಪುಟ್ಟಿ ಹುಟ್ಟಿದ ಹಬ್ಬಕ್ಕ ನಿಮ್ಮನ್ಯಾಗಿನಂಥಾದ್ದ ಸಣ್ಣ ನಾಯಿಮರಿ ಕೊಡಸೋಣ ಅಂತೀವಿ. ಆದ್ರ ಅಂಗಡ್ಯಾಗಿಂದು. ಮಂದಿ ಬಿಟ್ಟದ್ದು ನಮಗ ಬ್ಯಾಡವ್ವಾ, ಏನರೆ ಐಬು ಇದ್ದ ಇರ್ತದ" ಅಂದ್ರು. ಆವತ್ತು ಸುಮ್ಮನಿದ್ದೆ. ವೈನಿ, ಸಿಟ್ಟಾಗಬ್ಯಾಡ್ರಿ. ಈ ಮಾತು ಅಂದವರು ನೀವೊಬ್ಬರ ಅಲ್ಲ, ನಮ್ಮ ಓಣಿಯ ಅರ್ಧಾ ಮಂದಿ ಅಂದಾರ. ಅದಕ್ಕ ಎಲ್ಲಾರಿಗೂ ಸೇರಿಸಿ ಇಲ್ಲೆ ಉತ್ತರ ಬರೀತೇನಿ.

ನಮ್ಮ ಶೇಂಗಾ ಜಾಕ್ ರಸೆಲ್ ಟೆರಿಯರ್. ಬಿಳೀ ಮೈ, ಮಾರಿ ಮ್ಯಾಲೆ ಹುರದ ಶೇಂಗಾದ ಬಣ್ಣ, ತೂಕ 6 ಕೆಜಿ. ಬೆಂಗಳೂರಿನ ಒಂದು ಆಶ್ರಯಧಾಮದಿಂದ ತಂದಾಗ ಅದಕ್ಕ ಎರಡು ವರ್ಷ. "ಸೋಫಾ ಹರೀತದ, ಕುಂಡದಾಗಿನ ಮಣ್ಣು ಕೆದರ್ತದ, ಭಾಳ ಬೊಗಳ್ತದ" ಅಂತ ಮೊದಲಿನ ಮನಿಯವರು ಬಿಟ್ಟು ಹೋಗಿದ್ರಂತ.

ಇದು ನಾಯಿ ಐಬೇನ್ರಿ? ಟೆರಿಯರ್ ಅನ್ನೋ ಹೆಸರು ಹುಟ್ಟಿದ್ದ ಲ್ಯಾಟಿನ್ ಭಾಷೆಯ 'ನೆಲ' ಅನ್ನೋ ಶಬ್ದದಿಂದ. ಇಂಗ್ಲೆಂಡಿನ ಡೆವನ್ ಸೀಮಿಯ ಪಾದ್ರಿ ಜಾನ್ ರಸೆಲ್ 19ನೇ ಶತಮಾನದಾಗ ನರಿ ಬೇಟೆಗಂತ ಬೆಳೆಸಿದ ತಳಿ ಇದು. ಬಿಲದಾಗ ಅಡಗಿದ ನರಿಯನ್ನ ಬೊಗಳಿ ಹೊರಗ ಹಾಕೋದು ಇದರ ಉದ್ಯೋಗ. ಅಂಥಾದ್ದನ್ನ ಎಂಟನೇ ಮಜಲಿನಾಗ ಮುಂಜಾನಿಂದ ಸಂಜಿತನಕಾ ಕೀಲಿ ಹಾಕಿ ಹೋದ್ರ ಸೋಫಾ ಹರೀದ ಮತ್ತೇನು ರಂಗೋಲಿ ಹಾಕ್ತದೇನು? ಸಣ್ಣದು ಅಂದ್ರ ಸಲೀಸು ಅಂತ ತಿಳಕೊಂಡು ತಂದವರದು ತಪ್ಪು, ಹೆಸರು ಕೆಟ್ಟದ್ದು ನಾಯೀದು.

"ಮರಿ ತಂದ್ರ ನಮ್ಮ ಹಂಗ ಬೆಳಸಬಹುದು" ಅಂತೀರಿ. ಮೊದಲಿನವರೂ ಮರೀನ ತಂದಿದ್ರು! 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರಂಗಿಲ್ಲ, ತಳಿ ಬೆಳೆಸೋರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯೊಳಗ ನೋಂದಣಿ ಮಾಡಿಸಿರಬೇಕು. ನೋಂದಣಿ ಪತ್ರ ತೋರಸ್ರಿ, ಇದರ ತಾಯಿನ್ನ ತೋರಸ್ರಿ ಅಂತ ಎಷ್ಟು ಮಂದಿ ಕೇಳ್ತೀರಿ? ಒಂದು ಸೀರಿ ತೊಗೊಳ್ಳಿಕ್ಕೆ ಸೆರಗು, ಅಂಚು, ಒಳಮೈ ಎಲ್ಲಾ ಬಿಚ್ಚಿಸಿ ನೋಡೋರು ನಾವು!

ಆಶ್ರಯಧಾಮದಾಗ ನಾ ಒಂದು ಕೇಳಿದ್ರ ಅವರು ಹತ್ತು ಕೇಳಿದ್ರು. ಮನ್ಯಾಗ ಹಗಲೊತ್ತು ಯಾರಿರ್ತೀರಿ, ಬಾಲ್ಕನಿಗೆ ಜಾಳಗಿ ಅದಯೇನು, ಊರಿಗೆ ಹೋದ್ರ ಯಾರು ನೋಡ್ತಾರ? ಹೆಣ್ಣು ಕೊಡೋವಾಗ ಸುದ್ದೆ ಇಷ್ಟು ಕೇಳಂಗಿಲ್ಲ. ಶೇಂಗಾಗ ಲಸಿ, ಸಂತಾನ ಆಗಧಂಗ ಆಪರೇಶನ್ ಎರಡೂ ಆಗಿದ್ವು. ಸ್ವಭಾವ ಎಂಥಾದ್ದು ಅಂತ ಕಣ್ಣ ಮುಂದ ಇತ್ತು. ಮರಿ ತಂದ್ರ ಅದು ಗೊತ್ತಾಗಲಿಕ್ಕೆ ವರ್ಷ ಬೇಕು.

ತ್ರಾಸ ಆಗಲಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ಮೊದಲ ಎಂಟು ದಿನ ಮಂಚದ ಬುಡಕ ಕೂತಿತ್ತು. ಕುಕ್ಕರ್ ಸೀಟಿ ಹೊಡದ್ರ ಬೊಗಳೋದು. ಅತ್ತಿಯವರ ಇಳಕಲ್ ಸೀರಿ ಸೆರಗು ಹರೀತು, ಮೂರು ದಿನ ಮನ್ಯಾಗ ಮಾತಿಲ್ಲ. ದಿನಾ ಎರಡು ಸಲ ಓಡಾಡಸೋದು ಶುರು ಮಾಡಿದ ಮ್ಯಾಲೆ ಹರಿಯೋದು ನಿಂತಿತು. ಹಳೇ ಟಬ್ಬಿನಾಗ ಮಣ್ಣು ತುಂಬಿ ಕೊಟ್ಟೇನಿ, ಕೆದರಲಿ ಅಂತ. ಉಳ್ಳಾಗಡ್ಡಿ, ದ್ರಾಕ್ಷಿ, ಚಾಕ್ಲೇಟ್ ನಾಯಿಗೆ ವಿಷ; ಅದಕ್ಕ ನಮ್ಮ ಸಾರು-ಅನ್ನ ಹಾಕಂಗಿಲ್ಲ.

ಇನ್ನ ಖರೇ ಮಾತು. ಈ ಜಾತಿ ನಾಯಿ 13-14 ವರ್ಷ ಬದುಕ್ತದ. ಪುಟ್ಟಿಗೆ ಈಗ ಏಳು. ಆಕಿ ಕಾಲೇಜಿಗೆ ಹೋದ ಮ್ಯಾಲೆ ಮುದಿ ನಾಯಿ ಉಚ್ಚಿ ಬಳಿಯೋರು ಯಾರು? ನಾಯಿ ಮಕ್ಕಳ ಹೆಸರಿಲೆ ಬರ್ತದ, ಬೀಳೋದು ನಮ್ಮ ಕೈಯಾಗ. ಅದಕ್ಕ 'ಹೂಂ' ಅನ್ನೋ ಹಕ್ಕೂ, 'ಬ್ಯಾಡ' ಅನ್ನೋ ಹಕ್ಕೂ ನಮ್ಮದ.

ವೈನಿ, ನೀವಿಬ್ಬರೂ ಆಫೀಸಿಗೆ ಹೋಗೋರು. ನಿಮಗ ಟೆರಿಯರ್ ಆಗಂಗಿಲ್ಲ, ಅಂಗಡೀದೂ ಆಗಂಗಿಲ್ಲ, ಆಶ್ರಯಧಾಮದ್ದೂ ಆಗಂಗಿಲ್ಲ. ವಯಸ್ಸಾದ, ತಣ್ಣಗ ಇರೋ ನಾಯಿ ಅಲ್ಲೆ ಅವ. ಬರೋ ಶನಿವಾರ ಪುಟ್ಟಿನ್ನ ಕರಕೊಂಡು ಬರ್ರಿ, ಹೋಗಿ ನೋಡೋಣ. ಮನಸಿಗೆ ಬರದಿದ್ರ ಬರಿಗೈಲೆ ಬರೋಣ. ನಾಯಿ ಇಲ್ಲಾ ಅಂತ ಯಾರ ಮನೀನೂ ನಿಂತಿಲ್ಲ. ಆದ್ರ ತಂದ್ರ ಮಾತ್ರ, ಮತ್ತ ಬಿಡಬ್ಯಾಡ್ರಿ.